ಕೌನ್ಸೆಲಿಂಗ್ ಕಲಿಯಲು ಹೊರಟವರಿಗೆ: ಯಾವ ವಿಧಾನ, ಯಾರಿಗೆ, ಯಾವಾಗ

ಆಪ್ತಸಮಾಲೋಚನೆ ಕಲಿಯಬೇಕು ಅಂದುಕೊಂಡವರು ಮೊದಲು ಕೇಳುವುದು ಸಾಮಾನ್ಯವಾಗಿ ಒಂದೇ ಪ್ರಶ್ನೆ. ಯಾವ ವಿಧಾನ ಎಲ್ಲಕ್ಕಿಂತ ಒಳ್ಳೆಯದು? ಯೋಚನೆ, ನಡವಳಿಕೆಯ ಮೇಲೆ ಕೆಲಸ ಮಾಡುವ ಸಿಬಿಟಿ (ಕಾಗ್ನಿಟಿವ್ ಬಿಹೇವಿಯರಲ್ ಥೆರಪಿ) ಕಲಿಯೋದಾ, ಬಂದವರನ್ನು ಒಪ್ಪಿ ಕೇಳಿಸಿಕೊಳ್ಳುವ ಕಾರ್ಲ್ ರೋಜರ್ಸ್ ಹಾದಿ ಹಿಡಿಯೋದಾ, ಹಳೆಯ ಸಂಬಂಧಗಳ ಬೇರು ಹುಡುಕುವ ಮನೋವಿಶ್ಲೇಷಣೆಯ ಕಡೆ ಹೋಗೋದಾ?

ಪ್ರಶ್ನೆ ಹಳೆಯದು. ಬೇರೆ ಬೇರೆ ವಿಧಾನಗಳ ಒಳಗೆ ಒಂದೇ ಬಗೆಯ ಅಂಶಗಳು ಕೆಲಸ ಮಾಡುತ್ತಿವೆ, ಹಾಗಾಗಿ ಫಲವೂ ಹೆಚ್ಚುಕಡಿಮೆ ಒಂದೇ ಇರಬಹುದು ಎಂದು ಅಮೆರಿಕದ ಮನೋವಿಜ್ಞಾನಿ ಸಾಲ್ ರೋಸೆನ್‌ಜ್ವೈಗ್ 1936ರಲ್ಲೇ ಬರೆದಿದ್ದರು. 1977ರಲ್ಲಿ ಮೇರಿ ಸ್ಮಿತ್ ಮತ್ತು ಜೀನ್ ಗ್ಲಾಸ್ 375 ಅಧ್ಯಯನಗಳನ್ನು ಒಟ್ಟು ಸೇರಿಸಿ ಲೆಕ್ಕ ಹಾಕಿದರು. ಮಾತಿನ ಚಿಕಿತ್ಸೆ ಸಿಕ್ಕವರು ಸಿಗದವರಿಗಿಂತ ಚೆನ್ನಾಗಿ ಸುಧಾರಿಸಿದ್ದರು. ವಿಧಾನ ವಿಧಾನಗಳ ನಡುವಿನ ಅಂತರ ಮಾತ್ರ ಬಹಳ ಸಣ್ಣದಿತ್ತು.

ಹಾಗಾದರೆ ಯಾವುದನ್ನು ಕಲಿತರೂ ನಡೆಯುತ್ತೆ ಅಲ್ವಾ? ನಡೆಯುವುದಿಲ್ಲ. ಸರಾಸರಿ ಲೆಕ್ಕದಲ್ಲಿ ಅಂತರ ಸಣ್ಣದು ಅಂದಮಾತ್ರಕ್ಕೆ, ನಿಮ್ಮ ಮುಂದೆ ಕೂತ ಒಬ್ಬ ವ್ಯಕ್ತಿಗೆ ಎಲ್ಲವೂ ಒಂದೇ ಅಂತ ಆಗುವುದಿಲ್ಲ. ಕೆಲವು ತೊಂದರೆಗಳಿಗೆ ನಿರ್ದಿಷ್ಟ ವಿಧಾನವೇ ಬೇಕು. ಕೆಲವು ಪದ್ಧತಿಗಳು ಹಾನಿಯನ್ನೂ ಮಾಡಿವೆ. ಜೊತೆಗೆ, ಒಂದೊಂದು ವಿಧಾನವೂ ಕೌನ್ಸೆಲರ್‌ನಿಂದ ಒಂದೊಂದು ಬಗೆಯ ಕೌಶಲ ಕೇಳುತ್ತದೆ. ಎಲ್ಲವೂ ಎಲ್ಲರಿಗೂ ಬೇಗ ಒಗ್ಗುವುದಿಲ್ಲ.

ಒಂದೇ ಮಾತು, ನಾಲ್ಕು ಉತ್ತರ

ವಿಧಾನಗಳ ವ್ಯತ್ಯಾಸ ತಿಳಿಯಬೇಕಾದರೆ ಸಿದ್ಧಾಂತಕ್ಕಿಂತ ಕೌನ್ಸೆಲರ್ ಬಾಯಿಂದ ಬರುವ ಮುಂದಿನ ವಾಕ್ಯವನ್ನು ನೋಡಬೇಕು. ಒಬ್ಬ ಮಹಿಳೆ ಬಂದಿದ್ದಾರೆ ಅಂದುಕೊಳ್ಳಿ. ಅವರು ಹೇಳುವುದು ಇಷ್ಟು: "ಕೆಲಸ ಹೋಗಿ ಐದು ತಿಂಗಳಾಯ್ತು. ಬೆಳಗ್ಗೆ ಏಳೋಕೇ ಮನಸ್ಸಾಗಲ್ಲ. ನನ್ನ ಕೈಲಿ ಏನೂ ಆಗಲ್ಲ ಅಂತ ಈಗ ಗೊತ್ತಾಗಿಬಿಟ್ಟಿದೆ."

ರೋಜರ್ಸ್ ಹಾದಿಯ, ಅಂದರೆ ವ್ಯಕ್ತಿಕೇಂದ್ರಿತ ಕೌನ್ಸೆಲರ್ ಹೀಗೆ ಹೇಳಬಹುದು: "ಐದು ತಿಂಗಳಿಂದ ಕಾದು ಕಾದು ಸೋತಿದ್ದೀರಿ. ಈಗ ತಪ್ಪು ನಿಮ್ಮಲ್ಲೇ ಇದೆ ಅನ್ನೋ ಹಾಗೆ ಅನ್ನಿಸ್ತಿದೆ."

ಸಿಬಿಟಿ ಕಲಿತವರು: "ನನ್ನ ಕೈಲಿ ಏನೂ ಆಗಲ್ಲ ಅನ್ನೋ ಯೋಚನೆ ಇವತ್ತು ಯಾವಾಗ ಬಂತು? ಆಗ ಎಲ್ಲಿದ್ರಿ? ಅದು ಬಂದ ಮೇಲೆ ಏನು ಮಾಡಿದ್ರಿ?"

ಮನೋವಿಶ್ಲೇಷಣೆಯ ಕಡೆಯವರು: "ಇದನ್ನ ಹೇಳುವಾಗ ನನ್ನ ಮುಖ ನೋಡಲಿಲ್ಲ ನೀವು. ನಾನೂ ನಿಮ್ಮನ್ನ ಹಾಗೇ ಅಳೀತೀನಿ ಅಂತ ಅನ್ನಿಸ್ತಾ? ಇಂಥ ಭಯ ಮೊದಲು ಯಾರ ಮುಂದೆ ಆಗಿತ್ತು?"

ಪರಿಹಾರಕೇಂದ್ರಿತ ಕೌನ್ಸೆಲರ್: "0 ಅಂದ್ರೆ ತೀರಾ ಕೆಟ್ಟ ದಿನ, 10 ಅಂದ್ರೆ ನೀವು ಬಯಸೋ ದಿನ. ಇವತ್ತು ಎಷ್ಟು?" ಅವರು "3" ಅನ್ನುತ್ತಾರೆ. "3 ಇದೆಯಾ! 0ಗೆ ಇಳಿಯದ ಹಾಗೆ ಹೇಗೆ ತಡ್ಕೊಂಡ್ರಿ?"

ನಾಲ್ಕೂ ಸರಿಯಾದ ಮಾತುಗಳೇ. ಆದರೆ ನಾಲ್ಕೂ ಆ ಮಹಿಳೆಯನ್ನು ನಾಲ್ಕು ದಿಕ್ಕಿಗೆ ಕರೆದೊಯ್ಯುತ್ತವೆ. ಮೊದಲನೆಯದು ಈಗಿನ ನೋವಿನ ಒಳಗೆ, ಎರಡನೆಯದು ಯೋಚನೆ ಮತ್ತು ನಡವಳಿಕೆಯ ಸರಪಳಿಗೆ, ಮೂರನೆಯದು ಹಳೆಯ ಸಂಬಂಧಗಳಿಗೆ, ಕೊನೆಯದು ಅವರಲ್ಲಿ ಇನ್ನೂ ಉಳಿದಿರುವ ಬಲಕ್ಕೆ. ಇದನ್ನು ಓದುವಾಗ ಯಾವ ಮಾತು ನಿಮ್ಮ ಬಾಯಲ್ಲಿ ಸಹಜವಾಗಿ ಬಂದೀತು ಅಂತ ಗಮನಿಸಿ. ಮುಂದೆ ಅದು ಬೇಕಾಗುತ್ತದೆ.

ವ್ಯಕ್ತಿಕೇಂದ್ರಿತ ವಿಧಾನ

ಕಾರ್ಲ್ ರೋಜರ್ಸ್ 1957ರ ಒಂದು ಪ್ರಬಂಧದಲ್ಲಿ, ಮನುಷ್ಯ ಬದಲಾಗಲು ಏನೇನು ಇರಬೇಕು ಅಂತ ಆರು ಷರತ್ತುಗಳನ್ನು ಮುಂದಿಟ್ಟರು. ಅದರಲ್ಲಿ ಮೂರು ಕೌನ್ಸೆಲರ್‌ಗೆ ಸೇರಿದ್ದು: ಒಳಗೊಂದು ಹೊರಗೊಂದು ಇಲ್ಲದಿರುವುದು, ಬಂದವರನ್ನು ಷರತ್ತಿಲ್ಲದೆ ಒಪ್ಪುವುದು, ಅವರ ಕಣ್ಣಿನಿಂದ ಅವರ ಜಗತ್ತನ್ನು ನೋಡುವುದು. ಇಷ್ಟೇ ಸಾಕು ಅಂತ ರೋಜರ್ಸ್ ವಾದಿಸಿದರು. ಅದು ಸಾಕಾಗುತ್ತದೋ ಇಲ್ಲವೋ ಎಂಬ ಚರ್ಚೆ ಇನ್ನೂ ಇದೆ. ಅದಿಲ್ಲದೆ ಆಗದು ಎಂಬುದನ್ನು ಮಾತ್ರ ಇವತ್ತು ಬಹುತೇಕ ಎಲ್ಲ ವಿಧಾನದವರೂ ಒಪ್ಪುತ್ತಾರೆ.

ದುಃಖ, ಸಂಬಂಧದ ಬಿರುಕು, ತೀರ್ಮಾನ ಮಾಡಲಾಗದ ಗೊಂದಲ, ತನ್ನ ಮೇಲೆ ತನಗೇ ಅಸಹ್ಯ, ಇಂಥ ಕಡೆ ಈ ವಿಧಾನ ಚೆನ್ನಾಗಿ ಹೊಂದುತ್ತದೆ. ಬದುಕಿನುದ್ದಕ್ಕೂ ಬೇರೆಯವರ ಸಲಹೆ, ತೀರ್ಪು ಕೇಳಿಯೇ ಬೇಸತ್ತವರಿಗೆ ಇದು ಮೊದಲ ಬಾರಿಗೆ ಉಸಿರಾಡಲು ಸಿಕ್ಕ ಜಾಗ.

ಎಲ್ಲಿ ಸಾಲದು? ಗೀಳಿನ ಕಾಯಿಲೆಯನ್ನು, ಅಂದರೆ ಒಸಿಡಿಯನ್ನು ತಗೊಳ್ಳಿ. ಕೈ ಕೊಳೆಯಾಗಿದೆ ಎಂಬ ಭಯದಿಂದ ಮತ್ತೆ ಮತ್ತೆ ತೊಳೆಯುವವರಿಗೆ "ಭಯ ಆಗ್ತಿದೆ ಅಲ್ವಾ, ಏನೂ ಆಗಲ್ಲ ಬಿಡಿ" ಅಂತ ಪ್ರೀತಿಯಿಂದ ಧೈರ್ಯ ಹೇಳಿದರೆ, ಆ ಧೈರ್ಯವೇ ಇನ್ನೊಂದು ಗೀಳಾಗುತ್ತದೆ. ಪ್ರತಿ ಬಾರಿಯೂ ಅವರಿಗೆ ಅದು ಬೇಕಾಗುತ್ತದೆ. ಅಲ್ಲಿ ಬೇಕಾದದ್ದು, ಭಯ ಹುಟ್ಟಿಸುವ ವಸ್ತುವನ್ನು ಹಂತ ಹಂತವಾಗಿ ಎದುರಿಸಿ, ತೊಳೆಯದೆ ಉಳಿಯುವ ಅಭ್ಯಾಸ. ಒಳ್ಳೆಯ ಮನಸ್ಸು ಅದರ ಜಾಗ ತುಂಬುವುದಿಲ್ಲ.

ಸಿಬಿಟಿ

ಆಲ್ಬರ್ಟ್ ಎಲ್ಲಿಸ್ ಮತ್ತು ಏರನ್ ಬೆಕ್ ಇಬ್ಬರೂ ಮನೋವಿಶ್ಲೇಷಣೆ ಕಲಿತು, ಅದರಿಂದ ಹೊರಬಂದವರು. ಎಲ್ಲಿಸ್ 1955ರ ಸುಮಾರಿಗೆ, ಬೆಕ್ 1960ರ ದಶಕದಲ್ಲಿ ತಮ್ಮ ತಮ್ಮ ದಾರಿ ಕಟ್ಟಿಕೊಂಡರು. ಖಿನ್ನತೆಯಲ್ಲಿರುವವರ ಮನಸ್ಸಿನಲ್ಲಿ ಕ್ಷಣಮಾತ್ರದಲ್ಲಿ ಹಾದುಹೋಗುವ ಯೋಚನೆಗಳಿರುತ್ತವೆ, ಅವರು ಅವನ್ನು ಪರೀಕ್ಷಿಸದೆ ನಂಬಿಬಿಡುತ್ತಾರೆ ಎಂಬುದು ಬೆಕ್ ಗಮನಿಸಿದ ಸಂಗತಿ. ಸಿಬಿಟಿಯ ಬಹುಪಾಲು ಕೆಲಸ ಆ ಯೋಚನೆಯನ್ನು ಹಿಡಿದು ನಿಲ್ಲಿಸಿ, ಅದಕ್ಕೆ ಆಧಾರ ಏನು ಅಂತ ಇಬ್ಬರೂ ಸೇರಿ ನೋಡುವುದು.

ಸಾಮಾನ್ಯವಾಗಿ 12ರಿಂದ 20 ಸೆಷನ್. ಪ್ರತಿ ಸೆಷನ್‌ಗೂ ಕಾರ್ಯಸೂಚಿ ಇರುತ್ತದೆ, ಮನೆಗೆಲಸ ಇರುತ್ತದೆ. ಪ್ಯಾನಿಕ್ (ಇದ್ದಕ್ಕಿದ್ದಂತೆ ಉಕ್ಕುವ ತೀವ್ರ ಭಯ), ಫೋಬಿಯಾ (ಒಂದು ನಿರ್ದಿಷ್ಟ ವಸ್ತು ಅಥವಾ ಸಂದರ್ಭದ ಅತಿಯಾದ ಭಯ), ಜನರ ನಡುವೆ ಹೋಗಲು ಆಗುವ ಭಯ, ಒಸಿಡಿ, ಖಿನ್ನತೆ, ನಿದ್ರಾಹೀನತೆ ಇವುಗಳಿಗೆ ಸಂಶೋಧನೆಯ ಬಲ ಅತಿ ಹೆಚ್ಚು ಇರುವುದು ಈ ಕುಟುಂಬದ ವಿಧಾನಗಳಿಗೇ.

ಹೊಸಬರು ಇಲ್ಲಿ ಎಡವುವ ಜಾಗ ಒಂದಿದೆ. ಸಿಬಿಟಿ ಅಂದರೆ ವಾದ ಮಾಡಿ ಗೆಲ್ಲುವುದು ಅಂದುಕೊಳ್ಳುತ್ತಾರೆ. "ನಿಮಗೆ ಡಿಗ್ರಿ ಇದೆ, ಅನುಭವ ಇದೆ, ಏನೂ ಆಗಲ್ಲ ಅನ್ನೋದು ತಪ್ಪಲ್ವಾ?" ಅಂತ ಕೇಳಿದರೆ ಆ ಮಹಿಳೆ ತಲೆ ಆಡಿಸುತ್ತಾರೆ. ಮನಸ್ಸು ಅಲುಗುವುದಿಲ್ಲ. ಉತ್ತರ ಕೌನ್ಸೆಲರ್‌ಗೆ ಮೊದಲೇ ಗೊತ್ತಿದ್ದರೆ ಅದು ಪ್ರಶ್ನೆಯೇ ಅಲ್ಲ. ನಿಜವಾಗಿ ತಿಳಿಯದೆ, ತಿಳಿಯುವ ಕುತೂಹಲದಿಂದ ಕೇಳಬೇಕು.

ಸಿಬಿಟಿ ಕುಟುಂಬದಲ್ಲೇ ಒಂದು ಸರಳ ರೂಪವಿದೆ, ಬಿಹೇವಿಯರಲ್ ಆಕ್ಟಿವೇಶನ್. ಯೋಚನೆಯ ತಂಟೆಗೆ ಹೋಗದೆ, ಖಿನ್ನತೆ ಕಿತ್ತುಕೊಂಡ ಚಟುವಟಿಕೆಗಳನ್ನು ಸಣ್ಣ ಸಣ್ಣದಾಗಿ ದಿನಚರಿಗೆ ಮರಳಿ ತರುವುದು ಇದರ ಕೆಲಸ. ಮನಸ್ಸು ಬಂದ ಮೇಲೆ ಮಾಡೋಣ ಅಂತ ಕಾಯುವುದಿಲ್ಲ. ಮಾಡಿದ ಮೇಲೆ ಮನಸ್ಸು ನಿಧಾನವಾಗಿ ಹಿಂದೆ ಬರುತ್ತದೆ. ಇಂಗ್ಲೆಂಡ್‌ನಲ್ಲಿ 440 ಜನರ ಮೇಲೆ ನಡೆದು 2016ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ, ಕಡಿಮೆ ತರಬೇತಿ ಪಡೆದ ಕಿರಿಯ ಕಾರ್ಯಕರ್ತರು ಕೊಟ್ಟ ಬಿಹೇವಿಯರಲ್ ಆಕ್ಟಿವೇಶನ್, ನುರಿತ ಥೆರಪಿಸ್ಟ್‌ಗಳು ಕೊಟ್ಟ ಸಿಬಿಟಿಗಿಂತ ಹಿಂದೆ ಬೀಳಲಿಲ್ಲ. ವೆಚ್ಚವೂ ಕಡಿಮೆಯಾಯಿತು. ಹೊಸದಾಗಿ ಕಲಿಯುವವರಿಗೆ ಇದಕ್ಕಿಂತ ಒಳ್ಳೆಯ ಸುದ್ದಿ ಇಲ್ಲ ಅಂತ ನನಗೆ ಅನ್ನಿಸುತ್ತದೆ.

ಮನೋವಿಶ್ಲೇಷಣೆಯ ಕಡೆಯ ವಿಧಾನಗಳು

ಫ್ರಾಯ್ಡ್‌ನಿಂದ ಶುರುವಾದ ಈ ಧಾರೆ ಈಗ ಬಹಳ ಬದಲಾಗಿದೆ. ವಾರಕ್ಕೆ ನಾಲ್ಕೈದು ದಿನ ಮಂಚದ ಮೇಲೆ ಮಲಗಿಸುವುದೇ ಎಲ್ಲ ಕಡೆ ನಡೆಯುವುದಿಲ್ಲ. 16 ಸೆಷನ್ ಆಸುಪಾಸಿನ ಚಿಕ್ಕ ರೂಪಗಳೂ ಇವೆ. ತಿರುಳು ಮಾತ್ರ ಹಾಗೇ ಇದೆ: ಮನುಷ್ಯ ತನ್ನ ಹಳೆಯ ಸಂಬಂಧದ ಮಾದರಿಯನ್ನು ಹೊಸ ಸಂಬಂಧಗಳಿಗೆ, ಕೌನ್ಸೆಲರ್ ಜೊತೆಗಿನ ಸಂಬಂಧಕ್ಕೂ, ಹೊತ್ತು ತರುತ್ತಾನೆ. ಅದು ಕೋಣೆಯೊಳಗೆ ನಡೆಯುತ್ತಿರುವಾಗಲೇ ಹಿಡಿದು ತೋರಿಸಬಹುದು.

"ಪ್ರತಿ ಸಲ ಹೀಗೇ ಆಗುತ್ತೆ, ಯಾಕೋ ಗೊತ್ತಿಲ್ಲ" ಅನ್ನುವವರಿಗೆ ಇದು ಹೊಂದುತ್ತದೆ. ಆದರೆ ಕಲಿಯುವವರಿಗೆ ಇದು ದುಬಾರಿ ದಾರಿ. ಬಂದವರು ನಿಮ್ಮ ಮೇಲೆ ಕೋಪ ಮಾಡಿಕೊಂಡಾಗ, ಅದು ಅವರ ಹಳೆಯ ಕೋಪವೋ, ನೀವು ನಿಜಕ್ಕೂ ಮಾಡಿದ ತಪ್ಪಿಗೆ ಬಂದ ಕೋಪವೋ ಅಂತ ಬೇರ್ಪಡಿಸಲು ನಿಮ್ಮ ಮನಸ್ಸು ನಿಮಗೆ ಚೆನ್ನಾಗಿ ಗೊತ್ತಿರಬೇಕು. ಅದಕ್ಕೇ ಈ ಧಾರೆಯ ಬಹುತೇಕ ತರಬೇತಿಗಳಲ್ಲಿ ಕಲಿಯುವವರೂ ಥೆರಪಿ ಪಡೆಯಬೇಕು ಎಂಬ ನಿಯಮವಿರುತ್ತದೆ. ಅದನ್ನು ಬಿಟ್ಟು ಸುಮ್ನೆ ಓದಿ, ಯಾರ ಮಾತಿಗೂ ಬಾಲ್ಯದ ಕಾರಣ ಅಂಟಿಸುವುದು ಬಹಳ ನೋವು ಕೊಡುತ್ತದೆ.

ಪರಿಹಾರಕೇಂದ್ರಿತ ವಿಧಾನ ಮತ್ತು ಪ್ರೇರಣೆಯ ಸಂದರ್ಶನ

ಎರಡೂ ಚಿಕ್ಕವು, ಎರಡೂ ಶಾಲೆ, ಆಸ್ಪತ್ರೆ, ಸಹಾಯವಾಣಿಯಂಥ ಕಡೆ ಕೆಲಸ ಮಾಡುವವರಿಗೆ ಉಪಯುಕ್ತ. ಪರಿಹಾರಕೇಂದ್ರಿತ ವಿಧಾನವನ್ನು ಸ್ಟೀವ್ ಡಿ ಶೇಜರ್ ಮತ್ತು ಇನ್ಸೂ ಕಿಮ್ ಬರ್ಗ್ ದಂಪತಿ ಅಮೆರಿಕದ ಮಿಲ್ವಾಕೀಯಲ್ಲಿ ಬೆಳೆಸಿದರು. ಸಮಸ್ಯೆ ಇಲ್ಲದ ಗಳಿಗೆ ಯಾವುದು, ಆಗ ಏನು ಬೇರೆಯಿತ್ತು ಅಂತ ಹುಡುಕುವುದು ಇದರ ಜೀವಾಳ. ಒಂದೇ ಭೇಟಿ ಸಿಗುವ ಕಡೆಯೂ ಏನಾದರೂ ಕೈಗೆ ಸಿಗುತ್ತದೆ. ಆದರೆ ಮಗುವನ್ನು ಕಳೆದುಕೊಂಡು ಬಂದವರ ಮುಂದೆ ಮೊದಲ ದಿನವೇ 0ರಿಂದ 10ರ ಲೆಕ್ಕ ಕೇಳಬೇಡಿ. ಅಲ್ಲಿ ಅದು ಕ್ರೂರವಾಗುತ್ತದೆ.

ಪ್ರೇರಣೆಯ ಸಂದರ್ಶನ ಹುಟ್ಟಿದ್ದು ಕುಡಿತದ ಸಮಸ್ಯೆಯ ಸುತ್ತ. ವಿಲಿಯಂ ಮಿಲ್ಲರ್ 1983ರಲ್ಲಿ ಮೊದಲು ಬರೆದರು, ಆಮೇಲೆ ಸ್ಟೀಫನ್ ರಾಲ್ನಿಕ್ ಜೊತೆಯಾದರು. ಬಿಡಬೇಕು ಅಂತಲೂ ಇದೆ, ಬಿಡೋಕೆ ಮನಸ್ಸೂ ಇಲ್ಲ ಅನ್ನುವ ಸ್ಥಿತಿಯಲ್ಲಿ ಇರುವವರಿಗೆ ಕೌನ್ಸೆಲರ್ ಬಿಡುವ ಪರವಾಗಿ ಮಾತಾಡಿದರೆ, ಅವರು ತಾವಾಗಿಯೇ ಬಿಡದಿರುವ ಪರವಾಗಿ ಮಾತಾಡತೊಡಗುತ್ತಾರೆ. ಹಾಗೆ ಮಾತಾಡುತ್ತಾ ಮಾತಾಡುತ್ತಾ ಅದೇ ಗಟ್ಟಿಯಾಗುತ್ತದೆ. ಅದರ ಬದಲು "ಕುಡಿತದಿಂದ ನಿಮಗೆ ಸಿಗೋದು ಏನು? ಬೇಸರ ತರೋದು ಏನು?" ಅಂತ ಕೇಳಿ, ಬದಲಾವಣೆಯ ಪರವಾಗಿ ಅವರ ಬಾಯಿಂದ ಬಂದ ಒಂದೊಂದು ಎಳೆಯನ್ನೂ ಅವರಿಗೇ ಮರಳಿಸಿ ಹೇಳಬೇಕು. ಈ ವಿಧಾನದ ತರಬೇತಿಯಲ್ಲಿ ಕೌನ್ಸೆಲರ್ ಮಾತುಗಳನ್ನು ಎಣಿಸುತ್ತಾರೆ. ಒಂದು ಪ್ರಶ್ನೆಗೆ ಎರಡು ಪ್ರತಿಫಲನ, ಅಂದರೆ ಕೇಳಿಸಿಕೊಂಡದ್ದನ್ನು ಮರಳಿ ಹೇಳುವ ಎರಡು ಮಾತು ಇದ್ದರೆ ಒಳ್ಳೆಯದು ಅಂತ ಲೆಕ್ಕ. ಎಣಿಸಿ ನೋಡಿದರೆ ಹೊಸಬರಲ್ಲಿ ಪ್ರಶ್ನೆಗಳೇ ಜಾಸ್ತಿ ಸಿಗುತ್ತವೆ.

ಇವಿಷ್ಟೇ ಅಲ್ಲ. ಸಮಸ್ಯೆ ಇಡೀ ಮನೆಯ ನಡುವೆ ಸುತ್ತುತ್ತಿದ್ದರೆ ಕುಟುಂಬ ಥೆರಪಿ, ತನ್ನನ್ನು ತಾನೇ ಗಾಯ ಮಾಡಿಕೊಳ್ಳುವುದು ಪದೇ ಪದೇ ನಡೆಯುತ್ತಿದ್ದರೆ ಮಾರ್ಶಾ ಲೈನಹನ್ ರೂಪಿಸಿದ ಡಿಬಿಟಿ (ಡಯಲೆಕ್ಟಿಕಲ್ ಬಿಹೇವಿಯರ್ ಥೆರಪಿ), ಹಳೆಯ ಆಘಾತದ ನೆನಪು ಬಿಡದೆ ಕಾಡುತ್ತಿದ್ದರೆ ಆಘಾತಕ್ಕೆಂದೇ ಇರುವ ಸಿಬಿಟಿ ಅಥವಾ ಇಎಂಡಿಆರ್ (ನೆನಪನ್ನು ಮನಸ್ಸಿಗೆ ತಂದುಕೊಳ್ಳುತ್ತಾ ಕಣ್ಣು ಅತ್ತಿತ್ತ ಆಡಿಸುವ ವಿಧಾನ). ಇವಕ್ಕೆ ಪ್ರತ್ಯೇಕ ತರಬೇತಿ ಬೇಕು. ಹೊಸಬರು ಇವನ್ನು ಗುರುತಿಸಿ ಸರಿಯಾದವರ ಬಳಿ ಕಳಿಸಲು ಕಲಿತರೆ ಸಾಕು.

ಇಲ್ಲೊಂದು ಎಚ್ಚರಿಕೆ. ದುರಂತ ನಡೆದ ಕೂಡಲೇ ಎಲ್ಲರನ್ನೂ ಕೂರಿಸಿ, ನಡೆದದ್ದನ್ನು ವಿವರವಾಗಿ ಹೇಳಿಸುವ ಒಂದೇ ಸೆಷನ್‌ನ 'ಡಿಬ್ರೀಫಿಂಗ್' ಒಂದು ಕಾಲದಲ್ಲಿ ಬಹಳ ಚಾಲ್ತಿಯಲ್ಲಿತ್ತು. ಅದು ಪಿಟಿಎಸ್‌ಡಿ, ಅಂದರೆ ಆಘಾತದ ನಂತರ ಉಳಿದು ಕಾಡುವ ಮಾನಸಿಕ ತೊಂದರೆ, ತಡೆಯುವುದಿಲ್ಲ, ಕೆಲವರಿಗೆ ತೊಂದರೆ ಹೆಚ್ಚಿಸಿದೆ ಅಂತ ಅಧ್ಯಯನಗಳು ತೋರಿಸಿದವು. ವಿಶ್ವ ಆರೋಗ್ಯ ಸಂಸ್ಥೆ ಕೂಡ ಅದು ಬೇಡ ಅನ್ನುತ್ತದೆ. ಆ ಹೊತ್ತಿಗೆ ಬೇಕಾದದ್ದು ಸುರಕ್ಷತೆ, ತಮ್ಮವರ ಸಂಪರ್ಕ, ಮಾತಾಡಬೇಕು ಅನ್ನಿಸಿದರೆ ಕೇಳುವ ಕಿವಿ. ಬಲವಂತವಾಗಿ ಬಾಯಿ ಬಿಡಿಸಬಾರದು.

ವಿಧಾನಕ್ಕಿಂತ ಮೊದಲು ಬೇಕಾದದ್ದು

ಎಡ್ವರ್ಡ್ ಬೋರ್ಡಿನ್ 1979ರಲ್ಲಿ ಕೌನ್ಸೆಲರ್ ಮತ್ತು ಬಂದವರ ನಡುವಿನ ಮೈತ್ರಿಯನ್ನು ಮೂರಾಗಿ ಬಿಡಿಸಿ ಹೇಳಿದರು: ಇಬ್ಬರ ನಡುವಿನ ನಂಟು, ಎತ್ತ ಹೋಗಬೇಕು ಎಂಬ ಗುರಿಯ ಬಗ್ಗೆ ಒಪ್ಪಿಗೆ, ಅದಕ್ಕಾಗಿ ಏನು ಮಾಡಬೇಕು ಎಂಬುದರ ಬಗ್ಗೆ ಒಪ್ಪಿಗೆ. 2018ರಲ್ಲಿ 295 ಅಧ್ಯಯನಗಳನ್ನು ಸೇರಿಸಿ ನೋಡಿದಾಗ, ಮೈತ್ರಿ ಗಟ್ಟಿಯಿದ್ದ ಕಡೆ ಫಲವೂ ಮೇಲಾಗಿತ್ತು. ಆ ಸಂಬಂಧ ಭಾರಿ ಗಾತ್ರದ್ದೇನಲ್ಲ, ಆದರೆ ಯಾವ ವಿಧಾನ ತಗೊಂಡರೂ ಕಾಣಿಸುತ್ತದೆ. ತುಂಬಾ ಜನ ಮೈತ್ರಿ ಅಂದರೆ ಬರೀ ಆತ್ಮೀಯತೆ ಅಂದುಕೊಳ್ಳುತ್ತಾರೆ. ಕೌನ್ಸೆಲರ್ ಎಷ್ಟೇ ಒಳ್ಳೆಯವರಾಗಿರಲಿ, ಬಂದವರಿಗೆ ನಿದ್ರೆ ಬೇಕಾಗಿದ್ದು ಇವರು ಬಾಲ್ಯ ಕೆದಕುತ್ತಿದ್ದರೆ ಅಲ್ಲಿ ಮೈತ್ರಿ ಇಲ್ಲ.

ಇದನ್ನು ಕಟ್ಟುವ ಕೌಶಲಗಳಲ್ಲಿ ನಾನು ಮೊದಲ ಸ್ಥಾನ ಕೊಡುವುದು ಪ್ರತಿಫಲನಕ್ಕೆ. ಗಿಳಿಪಾಠದ ಹಾಗೆ ಮರಳಿ ಹೇಳುವುದು ಅದಲ್ಲ. "ಗಂಡ ಮನೆಗೆ ಬಂದ್ರೆ ಮಾತೇ ಆಡಲ್ಲ" ಅಂದಾಗ "ಗಂಡ ಮಾತಾಡಲ್ಲ" ಅಂದರೆ ಏನೂ ಸೇರಲಿಲ್ಲ. "ಮನೇಲಿ ಇಬ್ಬರಿದ್ರೂ ನೀವು ಒಬ್ಬರೇ" ಅಂದರೆ, ಅವರು ಹೇಳದೆ ಉಳಿಸಿದ್ದಕ್ಕೆ ಮಾತು ಸಿಕ್ಕಿತು. ತಪ್ಪಾದರೂ ಪರವಾಗಿಲ್ಲ. "ಒಂಟಿತನ ಅಲ್ಲ, ಸಿಟ್ಟು" ಅಂತ ಅವರೇ ತಿದ್ದುತ್ತಾರೆ. ಆ ತಿದ್ದುಪಡಿಯೇ ಲಾಭ.

ಮೌನವೂ ಅಭ್ಯಾಸದಿಂದಲೇ ಬರುತ್ತದೆ. ಬಂದವರು ಮಾತು ನಿಲ್ಲಿಸಿ ಯೋಚಿಸುತ್ತಿರುವಾಗ ಐದು ಸೆಕೆಂಡೂ ದೀರ್ಘ ಅನ್ನಿಸುತ್ತದೆ. ಆಗ ಬಾಯಿಗೆ ಬರುವ ಪ್ರಶ್ನೆ ಸಾಮಾನ್ಯವಾಗಿ ನಿಮ್ಮ ಮುಜುಗರ ಕಳೆಯಲು ಬಂದದ್ದು.

ಸಲಹೆ ಕೊಡುವ ಆಸೆಯನ್ನು ತಡೆಯುವುದು ಇನ್ನೂ ಕಷ್ಟ. ಮಾಹಿತಿ ಕೊಡಬೇಕಾದಲ್ಲಿ ಖಂಡಿತ ಕೊಡಬೇಕು. "ಈ ಬಗ್ಗೆ ನಿಮಗೆ ಏನು ಗೊತ್ತು? ನಾನೊಂದು ವಿಷಯ ಹೇಳಲಾ?" ಅಂತ ಅನುಮತಿ ಕೇಳಿ, ಹೇಳಿ, "ಇದು ನಿಮಗೆ ಹೇಗೆ ಕಾಣಿಸುತ್ತೆ?" ಅಂತ ಮುಗಿಸಿದರೆ ಅದು ಅಪ್ಪಣೆ ಆಗುವುದಿಲ್ಲ.

ಸಾಯುವ ಯೋಚನೆಯ ಬಗ್ಗೆ ನೇರವಾಗಿ ಕೇಳಲು ಬಾರದವರು ಯಾವ ವಿಧಾನ ಕಲಿತರೂ ಸಿದ್ಧರಾಗಿಲ್ಲ ಅಂತಲೇ ನನ್ನ ಅಭಿಪ್ರಾಯ. ಕೇಳಿದರೆ ಆ ಯೋಚನೆ ತಲೆಗೆ ಹಾಕಿದಂತಾಗುತ್ತದೆ ಎಂಬ ಭಯಕ್ಕೆ ಆಧಾರವಿಲ್ಲ. "ಅಂಥ ಯೋಚನೆ ಏನೂ ಇಲ್ಲ ತಾನೆ?" ಅಂತ ಕೇಳುವುದು ಇಲ್ಲ ಎಂಬ ಉತ್ತರವನ್ನು ಬೇಡಿದ ಹಾಗೆ. "ಇಷ್ಟು ನೋವಲ್ಲಿ ಇರೋರಿಗೆ ಕೆಲವೊಮ್ಮೆ ಸಾಯಬೇಕು ಅನ್ನಿಸುತ್ತೆ. ನಿಮಗೂ ಅನ್ನಿಸಿದೆಯಾ?" ಅಂತ ಕೇಳಬೇಕು. ಹೌದು ಅಂದರೆ ಯಾವಾಗ, ಹೇಗೆ, ಅದಕ್ಕೆ ಬೇಕಾದದ್ದು ಕೈಗೆ ಸಿಗುವಂತಿದೆಯಾ ಅಂತಲೂ ಕೇಳಬೇಕು. ಆಮೇಲೆ ಅಪಾಯದ ವಸ್ತು ದೂರ ಇಡುವುದು, ಜೊತೆಗಿರುವವರು ಯಾರು, ರಾತ್ರಿ ಯಾರಿಗೆ ಫೋನ್ ಮಾಡುವುದು ಎಂಬ ಸುರಕ್ಷತಾ ಯೋಜನೆಯನ್ನು ಅವರ ಜೊತೆಯೇ ಬರೆದು, ಮನೋವೈದ್ಯರ ನೆರವು ಜೋಡಿಸಬೇಕು. ಗೋಪ್ಯತೆಗೆ ಇಲ್ಲಿ ಮಿತಿ ಇದೆ. ಜೀವಕ್ಕೆ ಅಪಾಯ, ಮಗುವಿನ ಮೇಲೆ ದೌರ್ಜನ್ಯ ಇಂಥ ಸಂದರ್ಭದಲ್ಲಿ ಬೇರೆಯವರಿಗೆ ತಿಳಿಸಬೇಕಾಗುತ್ತದೆ ಅಂತ ಮೊದಲ ಭೇಟಿಯಲ್ಲೇ ಹೇಳಿರಬೇಕು. ಆಮೇಲೆ ಹೇಳಿದರೆ ದ್ರೋಹದ ಹಾಗೆ ಕಾಣುತ್ತದೆ.

ಫಲ ಸಿಗುತ್ತಿದೆಯೋ ಇಲ್ಲವೋ ಅಂತ ಅಳೆಯುವುದೂ ಒಂದು ಕೌಶಲ. ಹದಗೆಡುತ್ತಿರುವವರನ್ನು ಬರೀ ಅಂದಾಜಿನಿಂದ ಗುರುತಿಸುವುದರಲ್ಲಿ ನುರಿತವರೂ ಸೋಲುತ್ತಾರೆ ಅಂತ ಮೈಕಲ್ ಲ್ಯಾಂಬರ್ಟ್ ತಂಡದ ಕೆಲಸ ತೋರಿಸಿದೆ. ಖಿನ್ನತೆ ಎಷ್ಟಿದೆ ಅಂತ ಅಳೆಯುವ, ಪಿಎಚ್‌ಕ್ಯು-9 ಎಂಬ 9 ಪ್ರಶ್ನೆಗಳ ಹಾಳೆ ತುಂಬಲು ಕೆಲವೇ ನಿಮಿಷ ಸಾಕು. ಅಂಕ 0ರಿಂದ 27ರವರೆಗೆ. ಕೆಲವು ವಾರಕ್ಕೊಮ್ಮೆ ನೋಡಿ, ಇಳಿಯದಿದ್ದರೆ ಅದನ್ನೇ ಅವರ ಜೊತೆ ಮಾತಾಡಿ: "ನಾವು ಮಾಡ್ತಿರೋದು ನಿಮಗೆ ಉಪಯೋಗ ಆಗ್ತಿಲ್ಲ ಅಂತ ಕಾಣುತ್ತೆ. ಏನು ಬದಲಿಸೋಣ?"

ಹಾಗಾದರೆ ಆರಿಸುವುದು ಹೇಗೆ

ನನ್ನ ಸಲಹೆ ಹೀಗಿದೆ. ಯಾವ ವಿಧಾನದ ಕೋರ್ಸ್‌ಗೆ ಸೇರುವುದಿದ್ದರೂ ಮೊದಲ ಕೆಲವು ತಿಂಗಳು ವ್ಯಕ್ತಿಕೇಂದ್ರಿತ ಕೇಳುವಿಕೆಗೆ ಕೊಡಿ. ಅದರ ಮೇಲೆ ಬೇರೆಲ್ಲ ನಿಲ್ಲುತ್ತದೆ. ಆಮೇಲೆ ಒಂದೇ ಒಂದು ವಿಧಾನವನ್ನು ಆಳವಾಗಿ ಕಲಿಯಿರಿ. ಎಲ್ಲವನ್ನೂ ಸ್ವಲ್ಪ ಸ್ವಲ್ಪ ಬೆರೆಸುವುದು ಅನುಭವಿಗಳಿಗೆ ಸರಿ, ಹೊಸಬರ ಕೈಯಲ್ಲಿ ಅದು ಪ್ರತಿ ಸೆಷನ್‌ಗೂ ದಿಕ್ಕು ಬದಲಿಸುವ ನೆಪವಾಗುತ್ತದೆ.

ಆತಂಕ, ಖಿನ್ನತೆ ಇರುವವರೇ ಹೆಚ್ಚು ಬರುವ ಕಡೆ ಕೆಲಸ ಮಾಡುವವರಾದರೆ ಸಿಬಿಟಿ, ಅದರಲ್ಲೂ ಬಿಹೇವಿಯರಲ್ ಆಕ್ಟಿವೇಶನ್‌ನಿಂದ ಶುರು ಮಾಡಿ. ಚಟ, ಸಕ್ಕರೆ ಕಾಯಿಲೆ, ಔಷಧಿ ಬಿಟ್ಟುಬಿಡುವವರ ನಡುವೆ ಇದ್ದರೆ ಪ್ರೇರಣೆಯ ಸಂದರ್ಶನ. ಒಬ್ಬೊಬ್ಬರಿಗೆ ಎರಡು ಮೂರು ಭೇಟಿಯಷ್ಟೇ ಸಿಗುವ ಶಾಲೆ ಕಾಲೇಜುಗಳಲ್ಲಿ ಪರಿಹಾರಕೇಂದ್ರಿತ ವಿಧಾನ. ಮನೋವಿಶ್ಲೇಷಣೆಯ ದಾರಿ ಮನಸ್ಸಿಗೆ ಹತ್ತಿರವಾಗಿದ್ದರೆ ಖಂಡಿತ ಹೋಗಿ, ಆದರೆ ವರ್ಷಗಳ ತಯಾರಿ ಮತ್ತು ನಿಮ್ಮದೇ ಥೆರಪಿಗೆ ಸಿದ್ಧರಾಗಿ ಹೋಗಿ.

ಆ ನಾಲ್ಕು ಉತ್ತರಗಳಲ್ಲಿ ನಿಮಗೆ ಸಹಜ ಅನ್ನಿಸಿದ ಒಂದನ್ನು ಗುರುತು ಮಾಡಿಕೊಂಡಿರಲ್ಲ, ಅದು ನಿಮ್ಮ ಒಲವು. ಆ ಒಲವಿಗೆ ಹೊಂದುವ ವಿಧಾನವನ್ನು ಬೇಗ ಕಲಿಯುತ್ತೀರಿ. ಆದರೆ ನಿಮ್ಮ ಕುರುಡು ಜಾಗವೂ ಅಲ್ಲೇ ಇರುತ್ತದೆ. ಭಾವನೆಯ ಕಡೆ ವಾಲುವವರು ಮನೆಗೆಲಸ ಕೊಡಲು ಹಿಂಜರಿಯುತ್ತಾರೆ. ಯೋಚನೆ ಬಿಡಿಸುವುದು ಇಷ್ಟವಾದವರು ಅಳು ಬಂದಾಗ ಹಾಳೆ ತೆಗೆಯುತ್ತಾರೆ. ಇದನ್ನು ಎತ್ತಿ ತೋರಿಸಲು ಹೊರಗಿನ ಕಣ್ಣು ಬೇಕು, ಅಂದರೆ ಸೂಪರ್‌ವಿಷನ್: ಅನುಭವಿಯೊಬ್ಬರ ಜೊತೆ ಕೂತು ನಿಮ್ಮ ಕೆಲಸವನ್ನು ಪರಿಶೀಲಿಸುವುದು. ಬ್ರಿಟನ್ನಿನ ಕೌನ್ಸೆಲರ್‌ಗಳ ಸಂಘ ಬಿಎಸಿಪಿ, ಕೆಲಸದಲ್ಲಿರುವ ತನ್ನ ಮಾನ್ಯತೆ ಪಡೆದ (ಅಕ್ರೆಡಿಟೆಡ್) ಸದಸ್ಯರಿಗೆ ತಿಂಗಳಿಗೆ ಕನಿಷ್ಠ ಒಂದೂವರೆ ಗಂಟೆ ಸೂಪರ್‌ವಿಷನ್ ಕಡ್ಡಾಯ ಮಾಡಿದೆ. ಹಳಬರಿಗೂ ಅದು ಅನ್ವಯ.

ಹಾಗಾಗಿ ಕೋರ್ಸ್‌ಗೆ ಹಣ ಕಟ್ಟುವ ಮೊದಲು ಪಠ್ಯಕ್ರಮದ ಪಟ್ಟಿ ನೋಡುವುದಕ್ಕಿಂತ ಬೇರೆ ಪ್ರಶ್ನೆಗಳನ್ನು ಕೇಳಿ. ಎಷ್ಟು ಗಂಟೆ ನಿಜವಾದ ಜನರ ಜೊತೆ ಕೆಲಸ ಮಾಡಲು ಸಿಗುತ್ತದೆ? ಆ ಗಂಟೆಗಳಿಗೆ ಸೂಪರ್‌ವಿಷನ್ ಕೊಡುವವರು ಯಾರು? ಆತ್ಮಹತ್ಯೆಯ ಅಪಾಯ ನಿಭಾಯಿಸುವ ಅಭ್ಯಾಸ ಪಾತ್ರಾಭಿನಯದಲ್ಲಿ ಮಾಡಿಸುತ್ತಾರಾ, ಬರೀ ಉಪನ್ಯಾಸವಾ? ಒಪ್ಪಿಗೆ ಪಡೆದು ರೆಕಾರ್ಡ್ ಮಾಡಿದ ನನ್ನ ಸೆಷನ್‌ಗಳನ್ನು ಯಾರಾದರೂ ಕೂತು ಕೇಳಿ ತಿದ್ದುತ್ತಾರಾ? ಥೆರಪಿಯ ಮಾತುಗಳನ್ನು ರೆಕಾರ್ಡ್ ಮಾಡಿ, ಪೂರ್ತಿ ಬರಹವನ್ನು 1942ರಲ್ಲೇ ರೋಜರ್ಸ್ ಪ್ರಕಟಿಸಿದ್ದರು. ಕೊನೆಯ ಪ್ರಶ್ನೆಗೆ ಇಲ್ಲ ಅನ್ನುವ ಕೋರ್ಸ್ ಯಾವ ವಿಧಾನದ್ದೇ ಆಗಿರಲಿ, ಬೇರೆ ಕಡೆ ನೋಡಿ.